ಕನ್ನಡ ಸಾಲುಗಳಿಗೆ ಫೇಡ್ ಎಫೆಕ್ಟ್: ಇಳಕಲ್ ಸೀರೆ ಅಂಗಡಿಯ ಪುಟ ಕಟ್ಟುತ್ತಾ ಕಲಿಯೋಣ

ಪುಟ ತೆರೆದ ಕೂಡಲೇ ಒಂದು ಸಾಲು ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ಮೆಲ್ಲಗೆ ಮಾಸುತ್ತದೆ. ಅದೇ ಜಾಗದಲ್ಲಿ ಇನ್ನೊಂದು ಸಾಲು ಮೆಲ್ಲಗೆ ಮೂಡುತ್ತದೆ. ಇದೇ ಫೇಡ್ ಎಫೆಕ್ಟ್. ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಕಡೆ ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಡುವವರಿಗೆ ಈ ಬೇಡಿಕೆ ಹೊಸದಲ್ಲ. “ಅಕ್ಷರ ಹಂಗ ಮೆಲ್ಲಕ ಬಂದು ಮೆಲ್ಲಕ ಹೋಗಬೇಕ್ರಿ” ಅಂತ ಮಾಲೀಕರು ಕೈಯಲ್ಲೇ ತೋರಿಸಿ ಹೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಹದವಾಗಿ ಮಾಡಿದರೆ ಚಂದ ಕಾಣುತ್ತದೆ, ಓದುವವರ ಕಣ್ಣು ಆ ಸಾಲಿನ ಕಡೆ ಹೋಗುತ್ತದೆ.

ತೊಂದರೆ ಬೇರೆ ಕಡೆ ಇದೆ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಕೋಡ್ ಬಹುಪಾಲು ಇಂಗ್ಲಿಷ್ ಅಕ್ಷರಗಳನ್ನು ನೆನೆದು ಬರೆದದ್ದು. ಅದನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚಿದರೆ ಒತ್ತಕ್ಷರ ಕಳಚಿಬೀಳುತ್ತದೆ, ಸಾಲಿನ ಕೆಳಗಿನ ಭಾಗ ಕತ್ತರಿಸಿಹೋಗುತ್ತದೆ, ಓದಿ ಮುಗಿಯುವ ಮೊದಲೇ ಸಾಲು ಮಾಯವಾಗುತ್ತದೆ. ಅದಕ್ಕೇ ಇಲ್ಲಿ ಕನ್ನಡದ ಸಾಲನ್ನೇ ಮುಂದಿಟ್ಟುಕೊಂಡು ಶುರು ಮಾಡೋಣ. ಸಾಲು ಪೂರ್ತಿಯಾಗಿ, ಸರಿಯಾಗಿ, ಎಲ್ಲರಿಗೂ ಓದಲು ಸಿಗಬೇಕು. ಎಫೆಕ್ಟ್ ಆಮೇಲಿನ ಮಾತು.

ಉದಾಹರಣೆಗೆ ಇಳಕಲ್ ಸೀರೆ ಅಂಗಡಿಯ ಮುಖಪುಟವನ್ನು ತೆಗೆದುಕೊಳ್ಳುತ್ತೇನೆ. ಮೂರು ಸಾಲುಗಳು ಸರದಿಯಂತೆ ಬರಬೇಕು:

ಇಳಕಲ್ ರೇಷ್ಮೆ ಸೀರೆ, ತೋಪ ತೆನಿ ಸೆರಗು
ಕೈಯಿಂದ ಹಾಕಿದ ಕಸೂತಿ: ಗವಂತಿ, ಮುರ್ಗಿ, ನೇಗಿ, ಮೆಂತೆ
ಗೋಮಿ, ಪರಾಸಪೇಟ, ಗಾಡಿ: ಮೂರೂ ದಡಿ ಸಿಗುತ್ತವೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡಿನ ಪದಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಒಪ್ಯಾಸಿಟಿ, ಟ್ರಾನ್ಸಿಷನ್ ತರಹದ ಪದಗಳನ್ನು ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಆದರೆ ನಾವೇ ಇಡುವ ಹೆಸರುಗಳು, ಅಂದರೆ ಕ್ಲಾಸ್, ವೇರಿಯಬಲ್, ಫಂಕ್ಷನ್‌ಗಳ ಹೆಸರುಗಳು, ಕನ್ನಡ ಲಿಪಿಯಲ್ಲೇ ಇದ್ದರೂ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಮತ್ತು ಜಾವಾಸ್ಕ್ರಿಪ್ಟ್ (ಪುಟವನ್ನು ಕೆಲಸ ಮಾಡಿಸುವ ಭಾಷೆ, ಅದರ ಕೋಡೇ ಸ್ಕ್ರಿಪ್ಟ್) ಎರಡೂ ಒಪ್ಪುತ್ತವೆ. ಹಾಗಾಗಿ ಕೆಳಗೆ ಬರುವ ‘ಸಾಲು’, ‘ಎದುರು’, ‘ಚಾಲೂ’, ‘ತಡೆ’ ಇವೆಲ್ಲ ಫೈಲಿನಲ್ಲಿ ಹಾಗೇ ಬರೆಯಬಹುದಾದ ಹೆಸರುಗಳು.

ಮೊದಲು ಪಠ್ಯ ಸರಿ ಇದೆಯೇ ನೋಡಿ

ಅಂಗಡಿಯವರು ಕೊಡುವ ಪಠ್ಯ ಎಷ್ಟೋ ಸಲ ಡಿಟಿಪಿ ಅಂಗಡಿಯಿಂದ ಬಂದಿರುತ್ತದೆ. ಪಾಂಪ್ಲೆಟ್ಟಿಗೆ ಅಂತ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಂಡೇ ಮುಂದಿನ ಕೆಲಸ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ. ಪರಿವರ್ತನೆಯಲ್ಲಿ ಮೊದಲು ಕೆಡುವುದು ಅವೇ. ಮೂರು ಸಾಲು ಅಷ್ಟೇ ಆದರೆ ಸುಮ್ನೆ ಮತ್ತೆ ಟೈಪ್ ಮಾಡುವುದೇ ಬೇಗ ಆಗುತ್ತದೆ.

ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಪುಟದ ತಲೆಭಾಗದಲ್ಲಿ ಮೆಟಾ ಕ್ಯಾರ್‌ಸೆಟ್ ಯುಟಿಎಫ್-8 ಇರಲಿ. ಎಚ್‌ಟಿಎಂಎಲ್ ಟ್ಯಾಗಿಗೆ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣದಲ್ಲಿ ಬರೆಯಿರಿ, ಅದರ ಸಂಕೇತ ‘ಕೆಎನ್’. ಇದನ್ನು ಬರೆದರೆ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ತಂತ್ರಾಂಶ) ಸಾಲನ್ನು ಕನ್ನಡದ ದನಿಯಲ್ಲಿ ಓದಲು ಪ್ರಯತ್ನಿಸುತ್ತದೆ.

ಈಗ ಮೂರು ಸಾಲುಗಳನ್ನು ಮೂರು ಪ್ಯಾರಾ ಟ್ಯಾಗಿನಲ್ಲಿ ಬರೆದು, ಮೂರನ್ನೂ ಒಂದು ಡಿವ್ ಒಳಗೆ ಇಡಿ. ಡಿವ್‌ಗೆ ‘ಪೆಟ್ಟಿಗೆ’ ಎಂಬ ಕ್ಲಾಸ್. ಪ್ರತಿ ಪ್ಯಾರಾಗೆ ‘ಸಾಲು’ ಎಂಬ ಕ್ಲಾಸ್. ಮೊದಲ ಪ್ಯಾರಾಗೆ ಮಾತ್ರ ಜೊತೆಗೆ ‘ಎದುರು’ ಎಂಬ ಕ್ಲಾಸನ್ನೂ ಕೊಡಿ. ಬ್ರೌಸರಿನಲ್ಲಿ ತೆರೆಯಿರಿ. ಮೂರೂ ಸಾಲು ಒಂದರ ಕೆಳಗೊಂದು ಕಾಣುತ್ತವೆ. ಸ್ಕ್ರಿಪ್ಟ್ ಕೆಲಸ ಮಾಡದಿದ್ದರೂ ಗಿರಾಕಿಗೆ ಕಾಣುವುದು ಇದೇ. ಈ ಸ್ಥಿತಿಯಲ್ಲೇ ಪುಟ ನೋಡಲು ಚಂದ ಇರಬೇಕು.

ಕೆಲವರು ಸಾಲುಗಳನ್ನು ಪುಟದಲ್ಲಿ ಬರೆಯದೆ ಸ್ಕ್ರಿಪ್ಟಿನೊಳಗೆ ಅರೇ, ಅಂದರೆ ಪಟ್ಟಿ, ಮಾಡಿ ಇಡುತ್ತಾರೆ. ಹಾಗೆ ಮಾಡಬೇಡಿ. ಸ್ಕ್ರಿಪ್ಟ್ ಎಲ್ಲೋ ಒಂದು ಕಡೆ ಎಡವಿದರೆ ಅಂಗಡಿಯ ಮುಖ್ಯ ಮಾತೇ ಪುಟದಲ್ಲಿ ಇರುವುದಿಲ್ಲ.

ಮಾಯವಾಗಿಸುವ ಅಧಿಕಾರ ಸ್ಕ್ರಿಪ್ಟಿಗೆ ಮಾತ್ರ

ಫೇಡ್ ಎಂದರೆ ಸಿಎಸ್‌ಎಸ್‌ನಲ್ಲಿ ಒಪ್ಯಾಸಿಟಿ ಎಂಬ ಗುಣ. ಅದರ ಬೆಲೆ 0 ಆದರೆ ಸಾಲು ಕಾಣುವುದಿಲ್ಲ, 1 ಆದರೆ ಪೂರ್ತಿ ಕಾಣುತ್ತದೆ. 0ಯಿಂದ 1ಕ್ಕೆ ಒಮ್ಮೆಲೇ ಜಿಗಿಯದೆ ಮೆಲ್ಲಗೆ ಹೋಗು ಎಂದು ಹೇಳುವುದು ಟ್ರಾನ್ಸಿಷನ್. ‘ಟ್ರಾನ್ಸಿಷನ್: ಒಪ್ಯಾಸಿಟಿ 0.6 ಸೆಕೆಂಡ್ ಈಸ್’ ಎಂದು ಬರೆದರೆ ಸಾಕು, ನಡುವಿನ ಎಲ್ಲ ಹಂತಗಳನ್ನು ಬ್ರೌಸರೇ ನೋಡಿಕೊಳ್ಳುತ್ತದೆ.

ಹಳೆಯ ಕೋಡುಗಳಲ್ಲಿ ಬೇರೆ ರೀತಿ ಕಾಣುತ್ತೀರಿ. ಸೆಟ್‌ಇಂಟರ್‌ವಲ್ ಹಾಕಿ 50 ಮಿಲಿಸೆಕೆಂಡಿಗೊಮ್ಮೆ ಒಪ್ಯಾಸಿಟಿಯನ್ನು 0.1ರಷ್ಟು ಏರಿಸುತ್ತಾರೆ. ಇನ್ನೂ ಹಳೆಯದರಲ್ಲಿ ಅಕ್ಷರದ ಬಣ್ಣವನ್ನೇ ಬಿಳಿಯಿಂದ ಕಪ್ಪಿಗೆ ಹಂತ ಹಂತವಾಗಿ ಬದಲಿಸುತ್ತಿದ್ದರು. ಆಗ ಬೇರೆ ದಾರಿ ಇರಲಿಲ್ಲ. ಈಗ ಅದು ಬೇಡ. 50 ಮಿಲಿಸೆಕೆಂಡಿಗೊಮ್ಮೆ ಅಂದರೆ ಸೆಕೆಂಡಿಗೆ 20 ಹಂತ. ಮಾಮೂಲಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಲ್ಲಿಗೆ ಸಾಲು ತಡವರಿಸಿದಂತೆ ಕಾಣುತ್ತದೆ. ಒಪ್ಯಾಸಿಟಿಯ ಟ್ರಾನ್ಸಿಷನ್ನನ್ನು ಬ್ರೌಸರ್ ಸಾಮಾನ್ಯವಾಗಿ ಸ್ಕ್ರಿಪ್ಟ್ ಓಡುವ ದಾರಿಯಿಂದ ಬೇರೆಯಾಗಿಯೇ ನಡೆಸುತ್ತದೆ. ಹಾಗಾಗಿ ಕಡಿಮೆ ಬೆಲೆಯ ಮೊಬೈಲಿನಲ್ಲೂ ನುಣ್ಣಗೆ ಬರುತ್ತದೆ.

ಈಗ ಮುಖ್ಯವಾದ ಸಂಗತಿ. ‘ಸಾಲು’ ಕ್ಲಾಸಿಗೆ ನೇರವಾಗಿ ಒಪ್ಯಾಸಿಟಿ 0 ಎಂದು ಬರೆಯಬೇಡಿ. ಬರೆದರೆ, ಸ್ಕ್ರಿಪ್ಟ್ ಓಡದ ಫೋನಿನಲ್ಲಿ ಎರಡು ಸಾಲು ಯಾವತ್ತೂ ಕಾಣುವುದಿಲ್ಲ. ಹೀಗೆ ಮಾಡಿ. ಎಚ್‌ಟಿಎಂಎಲ್ ಟ್ಯಾಗಿಗೆ ‘ಚಾಲೂ’ ಎಂಬ ಕ್ಲಾಸನ್ನು ಸ್ಕ್ರಿಪ್ಟ್ ಸೇರಿಸಲಿ. ಸಿಎಸ್‌ಎಸ್ ನಿಯಮಗಳನ್ನು ಆ ಕ್ಲಾಸಿನ ಅಡಿಯಲ್ಲಿ ಬರೆಯಿರಿ. ‘ಚಾಲೂ’ ಒಳಗಿನ ‘ಸಾಲು’ ಒಪ್ಯಾಸಿಟಿ 0, ಟ್ರಾನ್ಸಿಷನ್ 0.6 ಸೆಕೆಂಡ್. ‘ಚಾಲೂ’ ಒಳಗಿನ ‘ಸಾಲು’ವಿಗೆ ‘ಎದುರು’ ಕ್ಲಾಸ್ ಸೇರಿದ್ದರೆ ಒಪ್ಯಾಸಿಟಿ 1. ಇಡೀ ನಿಯಮಗಳನ್ನು ‘ಮೀಡಿಯಾ ಸ್ಕ್ರೀನ್’ ಎಂಬ ಆವರಣದೊಳಗೆ ಹಾಕಿ. ಆಗ ಯಾರಾದರೂ ಪುಟವನ್ನು ಪ್ರಿಂಟ್ ತೆಗೆದರೆ ಮೂರೂ ಸಾಲು ಕಾಗದದ ಮೇಲೆ ಬರುತ್ತವೆ.

ಸ್ಕ್ರಿಪ್ಟ್ ಚಿಕ್ಕದು. ಬೇರೆ ಫೈಲ್ ಬೇಡ, ಪೆಟ್ಟಿಗೆಯ ಡಿವ್ ಮುಗಿದ ಕೂಡಲೇ ಪುಟದೊಳಗೇ ಬರೆಯಿರಿ. ನೆಟ್‌ವರ್ಕ್ ಕೈಕೊಟ್ಟು ಸ್ಕ್ರಿಪ್ಟ್ ಫೈಲ್ ಬರಲಿಲ್ಲ ಅನ್ನುವ ಪ್ರಶ್ನೆಯೇ ಇರುವುದಿಲ್ಲ.

ಕೆಳಗಿನದು ಕುಣಿಯದ ಹಾಗೆ

ನಮ್ಮ ಎರಡನೇ ಸಾಲು ಮೊದಲನೆಯದಕ್ಕಿಂತ ಉದ್ದ. ಮೊಬೈಲಿನಲ್ಲಿ ಅದು ಮುರಿದು ಇನ್ನೊಂದು ಸಾಲಿನಷ್ಟು ಜಾಗ ಹೆಚ್ಚಿಗೆ ಕೇಳುತ್ತದೆ. ಸಾಲು ಬದಲಾದಾಗಲೆಲ್ಲ ಕೆಳಗಿನ ಸೀರೆಯ ಫೋಟೋ ಮೇಲೆ ಕೆಳಗೆ ಜಿಗಿದರೆ ಗಿರಾಕಿ ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತಾನೆ. ಜೆಕ್ವೆರಿಯ ಫೇಡ್‌ಔಟ್ ಬಳಸಿದವರಿಗೆ ಈ ಕಾಟ ಗೊತ್ತಿರುತ್ತದೆ. 2006ರಲ್ಲಿ ಬಂದ ಆ ಲೈಬ್ರರಿ ಫೇಡ್ ಮಾಡುವುದನ್ನು ಬಹಳ ಸುಲಭ ಮಾಡಿತು, ನಿಜ. ಆದರೆ ಫೇಡ್‌ಔಟ್ ಮುಗಿದ ಮೇಲೆ ಅದು ಡಿಸ್‌ಪ್ಲೇ ಗುಣವನ್ನು ನನ್ ಮಾಡಿಬಿಡುತ್ತದೆ. ಸಾಲಿನ ಜಾಗವೇ ಮಾಯವಾಗಿ ಕೆಳಗಿನದೆಲ್ಲ ಮೇಲೆ ಬರುತ್ತದೆ.

ಇದಕ್ಕೆ ಗ್ರಿಡ್ ಒಳ್ಳೆ ಮದ್ದು. ಅದೇ ‘ಮೀಡಿಯಾ ಸ್ಕ್ರೀನ್’ ಆವರಣದೊಳಗೆ, ‘ಚಾಲೂ’ ಒಳಗಿನ ‘ಪೆಟ್ಟಿಗೆ’ಗೆ ಡಿಸ್‌ಪ್ಲೇ ಗ್ರಿಡ್ ಎಂದು ಬರೆಯಿರಿ. ಅದರೊಳಗಿನ ಪ್ರತಿ ‘ಸಾಲು’ವಿಗೂ ಗ್ರಿಡ್ ಏರಿಯಾ 1 / 1 ಕೊಡಿ. ಮೂರೂ ಸಾಲು ಒಂದೇ ಮನೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಪೆಟ್ಟಿಗೆಯ ಎತ್ತರ ತಾನಾಗಿಯೇ ಎಲ್ಲಕ್ಕಿಂತ ಎತ್ತರದ ಸಾಲಿನಷ್ಟಾಗುತ್ತದೆ. ಯಾವ ಫೋನಿನಲ್ಲಿ ತೆರೆದರೂ ಲೆಕ್ಕ ಹಾಕುವ ಕೆಲಸ ಇಲ್ಲ. ಪೊಸಿಷನ್ ಆ್ಯಬ್ಸಲ್ಯೂಟ್ ಹಾಕಿ, ಎತ್ತರವನ್ನು ಪಿಕ್ಸೆಲ್‌ನಲ್ಲಿ ಕೈಯಿಂದ ಕೊಡುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ವಾಸಿ.

ಎತ್ತರದ ವಿಷಯ ಬಂದಾಗ ಇನ್ನೊಂದು. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ದೊಡ್ಡ ತಲೆಬರಹಕ್ಕೆ ಲೈನ್‌ಹೈಟ್ 1.1 ಇಟ್ಟು, ಓವರ್‌ಫ್ಲೋ ಹಿಡನ್ ಹಾಕಿರುತ್ತಾರೆ. ಅದರಲ್ಲಿ ‘ರೇಷ್ಮೆ’ಯ ಮ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಲೈನ್‌ಹೈಟ್ 1.6ರಿಂದ 1.8 ಇಡಿ, ಓವರ್‌ಫ್ಲೋ ಹಿಡನ್ ತೆಗೆದುಹಾಕಿ.

ಸರದಿ ನಡೆಸುವ ಸ್ಕ್ರಿಪ್ಟ್

ಮೊದಲ ಸಾಲಿಗೆ ‘ಎದುರು’ ಕ್ಲಾಸನ್ನು ಪುಟದಲ್ಲೇ ಕೊಟ್ಟಿದ್ದೇವೆ ಅಲ್ವಾ? ಅದಕ್ಕೆ ಕಾರಣ ಇದೆ. ಮೊದಲ ಸಾಲು ಫೇಡ್ ಆಗಿ ಬರುವುದು ಬೇಡ, ಪುಟ ತೆರೆದ ಕ್ಷಣವೇ ಕಾಣಲಿ. ನೆಟ್ ನಿಧಾನ ಇರುವ ಕಡೆ ಗಿರಾಕಿ ಆಗಲೇ ಕಾದಿರುತ್ತಾನೆ, ಅವನನ್ನು ಇನ್ನಷ್ಟು ಕಾಯಿಸಬಾರದು. ಎಫೆಕ್ಟ್ ಎರಡನೇ ಸಾಲಿನಿಂದ ಶುರುವಾದರೆ ಸಾಕು.

ಸ್ಕ್ರಿಪ್ಟಿನಲ್ಲಿ ಮೊದಲು ‘ತಡೆ’ ಎಂಬ ಪುಟ್ಟ ಫಂಕ್ಷನ್ ಬರೆಯಿರಿ. ಅದಕ್ಕೆ ಮಿಲಿಸೆಕೆಂಡ್ ಕೊಟ್ಟರೆ ಒಂದು ಪ್ರಾಮಿಸ್ (ಮುಂದೆ ಮುಗಿಯಲಿರುವ ಕೆಲಸದ ಗುರುತು) ಹಿಂದಿರುಗಿಸಬೇಕು, ಒಳಗೆ ಸೆಟ್‌ಟೈಮ್‌ಔಟ್ ಇಟ್ಟು ಅಷ್ಟು ಹೊತ್ತಿನ ಮೇಲೆ ಆ ಪ್ರಾಮಿಸ್ ಈಡೇರಬೇಕು. ಇದೊಂದು ಇದ್ದರೆ ಮುಂದಿನ ಕೋಡನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುವಂತೆ ಬರೆಯಬಹುದು.

ಆಮೇಲೆ ‘ಸುತ್ತು’ ಎಂಬ ಅಸಿಂಕ್ ಫಂಕ್ಷನ್. ಡಾಕ್ಯುಮೆಂಟ್‌ನ ಕ್ವೆರಿ ಸೆಲೆಕ್ಟರ್ ಆಲ್ ಬಳಸಿ ‘ಸಾಲು’ ಕ್ಲಾಸಿನವನ್ನೆಲ್ಲ ‘ಸಾಲುಗಳು’ ಎಂಬ ವೇರಿಯಬಲ್‌ಗೆ ತೆಗೆದುಕೊಳ್ಳಿ. ‘ಈಗ’ ಎಂಬ ವೇರಿಯಬಲ್ 0 ಇರಲಿ. ‘ಹೊತ್ತು’ ಎಂಬ ಅರೇಯಲ್ಲಿ ಯಾವ ಸಾಲು ಎಷ್ಟು ಹೊತ್ತು ನಿಲ್ಲಬೇಕೆಂದು ಬರೆಯಿರಿ, ಉದಾಹರಣೆಗೆ 4000, 6500, 5000. ಇನ್ನು ನಿಲ್ಲದ ವೈಲ್ ಲೂಪ್ ಒಂದು. ಅದರೊಳಗೆ ಆಗಬೇಕಾದ್ದು ಹೀಗೆ: ಈಗಿನ ಸಾಲಿನ ಹೊತ್ತಿನಷ್ಟು ‘ತಡೆ’ಯನ್ನು ಅವೇಟ್ ಮಾಡು. ಈಗಿನ ಸಾಲಿನಿಂದ ‘ಎದುರು’ ಕ್ಲಾಸ್ ತೆಗೆ. 600 ಮಿಲಿಸೆಕೆಂಡ್ ತಡೆ, ಅಷ್ಟರಲ್ಲಿ ಅದು ಮಾಸಿರುತ್ತದೆ. ‘ಈಗ’ಕ್ಕೆ ಒಂದು ಕೂಡಿಸಿ, ಸಾಲುಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಮತ್ತೆ ‘ಈಗ’ದಲ್ಲೇ ಇಡು. ಹೊಸ ಸಾಲಿಗೆ ‘ಎದುರು’ ಕ್ಲಾಸ್ ಹಾಕು. ಮತ್ತೆ 600 ತಡೆ. ಇಷ್ಟೇ. ಮೂರನೇ ಸಾಲಿನ ಮೇಲೆ ಶೇಷ 0 ಆಗಿ ಮೊದಲನೆಯದಕ್ಕೆ ಮರಳುತ್ತದೆ.

ಹಳೆಯದು ಪೂರ್ತಿ ಮಾಸಿದ ಮೇಲೇ ಹೊಸದು ಮೂಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಫೋಟೋಗಳಿಗೆ ಎರಡನ್ನೂ ಒಟ್ಟಿಗೆ ಬೆರೆಸುವ ಕ್ರಾಸ್‌ಫೇಡ್ ಚಂದ. ಅಕ್ಷರಕ್ಕೆ ಅದು ಸಲ್ಲದು. ಗುಂಡು ಗುಂಡಾದ ಕನ್ನಡ ಅಕ್ಷರಗಳು ಒಂದರ ಮೇಲೊಂದು ಬಿದ್ದರೆ ಅರ್ಧ ಸೆಕೆಂಡ್ ಏನೂ ಓದಲು ಬರುವುದಿಲ್ಲ.

ಟ್ರಾನ್ಸಿಷನ್‌ಎಂಡ್ ಎಂಬ ಈವೆಂಟನ್ನು ಕಾಯುವುದು ಇನ್ನೂ ನಿಖರ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಟ್ರಾನ್ಸಿಷನ್ ನಡೆಯದೇ ಹೋದರೆ ಆ ಈವೆಂಟ್ ಬರುವುದೇ ಇಲ್ಲ, ಲೂಪ್ ಅಲ್ಲೇ ಸಿಕ್ಕಿಬೀಳುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಟೈಮರ್ ಸಾಕು.

ಮೊದಲ ಸಾಲೂ ಫೇಡ್ ಆಗಿಯೇ ಬರಬೇಕೆಂದು ಮಾಲೀಕರು ಹಟ ಹಿಡಿದರೆ ಒಂದು ಸಂಗತಿ ತಿಳಿದಿರಲಿ. ಕಾಣದ ಸಾಲನ್ನು ಬ್ರೌಸರ್ ಒಮ್ಮೆಯಾದರೂ ಆ ಸ್ಥಿತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರಬೇಕು, ಆಮೇಲೆ ‘ಎದುರು’ ಹಾಕಿದರೆ ಮಾತ್ರ ಟ್ರಾನ್ಸಿಷನ್ ನಡೆಯುತ್ತದೆ. ಒಂದೇ ಉಸಿರಿನಲ್ಲಿ ಎರಡನ್ನೂ ಮಾಡಿದರೆ ಬ್ರೌಸರ್ ಎರಡನ್ನೂ ಕೂಡಿಸಿ ಕೊನೆಯ ಸ್ಥಿತಿಯನ್ನೇ ತೋರಿಸುತ್ತದೆ. ರಿಕ್ವೆಸ್ಟ್ ಆ್ಯನಿಮೇಷನ್ ಫ್ರೇಮ್ ಒಳಗೆ ಇನ್ನೊಂದು ರಿಕ್ವೆಸ್ಟ್ ಆ್ಯನಿಮೇಷನ್ ಫ್ರೇಮ್ ಇಟ್ಟು, ಅದರೊಳಗೆ ಕ್ಲಾಸ್ ಸೇರಿಸಿ. ಹೊರಗಿನಿಂದ ತರಿಸಿದ ಕನ್ನಡ ಫಾಂಟ್ ಇದ್ದರೆ ಡಾಕ್ಯುಮೆಂಟ್ ಫಾಂಟ್ಸ್ ರೆಡಿ ಎಂಬ ಪ್ರಾಮಿಸ್ ಮುಗಿದ ಮೇಲೆ ಶುರು ಮಾಡಿ. ಇಲ್ಲದಿದ್ದರೆ ಸಾಲು ಮೂಡುತ್ತಿರುವಾಗಲೇ ಫಾಂಟ್ ಬದಲಾಗಿ ಅಕ್ಷರ ಅಲುಗುತ್ತದೆ.

ಎಷ್ಟು ಹೊತ್ತು ನಿಲ್ಲಬೇಕು?

ಮಾಸಲು, ಮೂಡಲು ಅರ್ಧ ಸೆಕೆಂಡಿನಿಂದ ಮುಕ್ಕಾಲು ಸೆಕೆಂಡ್ ಬರೋಬ್ಬರಿ. ಎರಡು ಸೆಕೆಂಡ್ ಇಟ್ಟರೆ ಪುಟವೇ ನಿಧಾನ ಅನ್ನಿಸುತ್ತದೆ. ನಿಲ್ಲುವ ಹೊತ್ತಿಗೆ ಒಂದು ಸರಳ ಅಳತೆ ಇದೆ. ಸಾಲನ್ನು ಬಾಯಿ ಬಿಟ್ಟು, ಅವಸರ ಇಲ್ಲದೆ ಎರಡು ಸಲ ಓದಿ. ಅಷ್ಟು ಹೊತ್ತು ಅದು ನಿಲ್ಲಲಿ. ಪದಗಳ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ, ನಮ್ಮಲ್ಲಿ ಒಂದೇ ಪದ ಬಹಳ ಉದ್ದ ಆಗಬಲ್ಲದು. ಪುಟ ಮಾಡಿದವರಿಗೆ ಸಾಲು ಬಾಯಿಪಾಠ ಆಗಿರುತ್ತದೆ, ಅವರಿಗೆ ಎರಡು ಸೆಕೆಂಡೂ ಜಾಸ್ತಿ ಅನ್ನಿಸುತ್ತದೆ. ಹೊಸದಾಗಿ ನೋಡುವವರಿಗೆ ಓದಲು ಕೊಟ್ಟು ನೋಡಿ. ‘ಗವಂತಿ, ಮುರ್ಗಿ, ನೇಗಿ, ಮೆಂತೆ’ ಇವು ಕಸೂತಿಯ ಹೊಲಿಗೆಗಳು. ಈ ಹೆಸರುಗಳನ್ನು ಮೊದಲ ಸಲ ಓದುವವರು ಪ್ರತಿಯೊಂದರ ಮೇಲೂ ಕ್ಷಣ ನಿಲ್ಲುತ್ತಾರೆ. ಅದಕ್ಕೇ ಆ ಸಾಲಿಗೆ 6500 ಕೊಟ್ಟಿದ್ದೇನೆ.

ಫೇಡ್ ಆಗುವ ಸಾಲಿನಲ್ಲಿ ಬೆಲೆ, ಫೋನ್ ನಂಬರ್, ವಿಳಾಸ, ಲಿಂಕ್ ಇಡಬೇಡಿ. ಒಪ್ಯಾಸಿಟಿ 0 ಇದ್ದರೂ ಲಿಂಕ್ ಅಲ್ಲೇ ಇರುತ್ತದೆ, ಕಾಣದ ಲಿಂಕನ್ನು ಒತ್ತಿದಂತಾಗುತ್ತದೆ. ಫೋನ್ ನಂಬರ್ ಬರೆದುಕೊಳ್ಳುವಷ್ಟರಲ್ಲಿ ಮಾಸಿಹೋದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ.

ನಿಲ್ಲಿಸುವ ಗುಂಡಿ ಮತ್ತು ಚಲನೆ ಒಗ್ಗದವರು

ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂದು ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾಡಿದ ಡಬ್ಲ್ಯುಸಿಎಜಿ ನಿಯಮಗಳಿವೆ. ಅದರ 2.2.2ನೇ ನಿಯಮ ಹೇಳುವುದು ಇಷ್ಟು: ಬೇರೆ ವಿಷಯದ ಜೊತೆಗೆ ತಾನಾಗಿಯೇ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಅಥವಾ ಮಿನುಗುವ ಸಂಗತಿ ಪುಟದಲ್ಲಿದ್ದರೆ, ಅದನ್ನು ನಿಲ್ಲಿಸಲು ದಾರಿ ಕೊಡಬೇಕು. ತಾನಾಗಿಯೇ ಬದಲಾಗುತ್ತಾ ಹೋಗುವ ಪಠ್ಯಕ್ಕೂ ಇದು ಅನ್ವಯಿಸುತ್ತದೆ. ನಮ್ಮ ಸರದಿ ಅದರೊಳಗೇ ಬರುತ್ತದೆ.

ಗುಂಡಿ ಇಡುವುದು ಕಷ್ಟ ಇಲ್ಲ. ಪೆಟ್ಟಿಗೆಯ ಕೆಳಗೆ ಒಂದು ಬಟನ್, ಮೇಲೆ ‘ನಿಲ್ಲಿಸಿ’ ಎಂಬ ಬರಹ. ಒತ್ತಿದರೆ ‘ನಿಂತಿದೆ’ ಎಂಬ ವೇರಿಯಬಲ್ ಟ್ರೂ ಆಗಿ, ಬರಹ ‘ಮುಂದುವರಿಸಿ’ ಎಂದಾಗಲಿ. ಲೂಪಿನಲ್ಲಿ ಸಾಲನ್ನು ಮಾಸಿಸುವ ಮುಂಚೆ ಒಂದು ಚಿಕ್ಕ ವೈಲ್ ಸೇರಿಸಿ: ‘ನಿಂತಿದೆ’ ಟ್ರೂ ಇರುವವರೆಗೆ, ಇಲ್ಲವೇ ಡಾಕ್ಯುಮೆಂಟ್ ಹಿಡನ್ ಟ್ರೂ ಇರುವವರೆಗೆ, 300 ಮಿಲಿಸೆಕೆಂಡ್ ತಡೆಯುತ್ತಿರು. ಎರಡನೇ ಷರತ್ತಿನಿಂದ ಇನ್ನೊಂದು ಲಾಭ. ಗಿರಾಕಿ ಬೇರೆ ಟ್ಯಾಬಿಗೆ ಹೋದಾಗ ಸರದಿ ನಿಂತಿರುತ್ತದೆ, ಮರಳಿ ಬಂದಾಗ ಬಿಟ್ಟ ಸಾಲಿನಿಂದಲೇ ಮುಂದುವರಿಯುತ್ತದೆ. ಈ ಬಟನ್ನನ್ನು ಸ್ಕ್ರಿಪ್ಟೇ ಹುಟ್ಟಿಸಲಿ. ಸ್ಕ್ರಿಪ್ಟ್ ಇಲ್ಲದ ಕಡೆ ಅದಕ್ಕೆ ಕೆಲಸ ಇಲ್ಲ.

ಪರದೆಯ ಮೇಲೆ ಚಲನೆ ಕಂಡರೆ ತಲೆ ತಿರುಗುವವರು, ವಾಕರಿಕೆ ಬರುವವರು ಇದ್ದಾರೆ. ಅವರು ತಮ್ಮ ಫೋನಿನ ಸೆಟ್ಟಿಂಗಿನಲ್ಲಿ ಆ್ಯನಿಮೇಷನ್ ಕಡಿಮೆ ಮಾಡು ಎಂದು ಆರಿಸಿರುತ್ತಾರೆ. ಅದನ್ನು ಮ್ಯಾಚ್‌ಮೀಡಿಯಾ ಫಂಕ್ಷನ್‌ಗೆ ‘(ಪ್ರಿಫರ್ಸ್ ರಿಡ್ಯೂಸ್ಡ್ ಮೋಷನ್: ರಿಡ್ಯೂಸ್)’ ಎಂದು ಕಂಸದ ಸಮೇತ ಕೊಟ್ಟು ಕೇಳಬಹುದು. ಉತ್ತರ ಹೌದು ಎಂದು ಬಂದರೆ ‘ಚಾಲೂ’ ಕ್ಲಾಸನ್ನು ಸೇರಿಸಲೇಬೇಡಿ, ಸ್ಕ್ರಿಪ್ಟಿನಿಂದ ಅಲ್ಲಿಗೇ ಹೊರಬನ್ನಿ. ಮೂರೂ ಸಾಲು ಒಂದರ ಕೆಳಗೊಂದು ಸುಮ್ಮನೆ ನಿಂತಿರುತ್ತವೆ. ಪಠ್ಯವನ್ನು ಮೊದಲೇ ಪುಟದಲ್ಲಿ ಬರೆದಿಟ್ಟದ್ದರ ಪ್ರಯೋಜನ ಇಲ್ಲೂ ಸಿಕ್ಕಿತು ನೋಡಿ.

ಸ್ಕ್ರೀನ್ ರೀಡರಿನ ವಿಷಯದಲ್ಲಿ ಹೆಚ್ಚೇನೂ ಮಾಡುವುದು ಬೇಡ. ಒಪ್ಯಾಸಿಟಿ 0 ಇರುವ ಸಾಲನ್ನೂ ಅದು ಓದುತ್ತದೆ. ಕಣ್ಣು ಕಾಣದವರಿಗೆ ಮೂರು ಸಾಲೂ ಒಟ್ಟಿಗೆ ಸಿಗುತ್ತವೆ, ಅದೇ ಒಳ್ಳೆಯದು. ಬದಲಾದ ಬರಹವನ್ನು ಸ್ಕ್ರೀನ್ ರೀಡರಿನಿಂದ ಓದಿಸುವ ಆರಿಯಾ ಲೈವ್ ಗುಣವನ್ನು ಮಾತ್ರ ಹಾಕಬೇಡಿ. ಹಾಕಿದರೆ ಸಾಲು ಬದಲಾದಾಗಲೆಲ್ಲ ಅವರು ಓದುತ್ತಿರುವುದನ್ನು ತಡೆದು ಮಾತಾಡುವ ಹಾಗಾಗಬಹುದು.

ಪದ ಪದವಾಗಿ, ಅಕ್ಷರ ಅಕ್ಷರವಾಗಿ

ಇಡೀ ಸಾಲು ಒಮ್ಮೆಗೇ ಮೂಡುವ ಬದಲು ಒಂದೊಂದೇ ಪದ ಮೂಡುವುದು ಕೆಲವರಿಗೆ ಇಷ್ಟ. ಕನ್ನಡಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಸಾಲಿನ ಟೆಕ್ಸ್ಟ್ ಕಂಟೆಂಟ್ ತೆಗೆದುಕೊಂಡು ಖಾಲಿ ಜಾಗ ಇರುವಲ್ಲಿ ಸ್ಪ್ಲಿಟ್ ಮಾಡಿ. ಪ್ರತಿ ಪದಕ್ಕೂ ಒಂದು ಸ್ಪ್ಯಾನ್ (ಸಾಲಿನೊಳಗಿನ ತುಂಡನ್ನು ಸುತ್ತುವ ಟ್ಯಾಗ್) ಮಾಡಿ. ಎರಡು ಸ್ಪ್ಯಾನ್‌ಗಳ ನಡುವೆ ಖಾಲಿ ಜಾಗವನ್ನು ಮರಳಿ ಸೇರಿಸಲು ಮರೆಯಬೇಡಿ, ಮರೆತರೆ ‘ರೇಷ್ಮೆಸೀರೆ’ ಎಂದು ಅಂಟಿಕೊಳ್ಳುತ್ತದೆ. ಪ್ರತಿ ಸ್ಪ್ಯಾನ್‌ಗೆ ಟ್ರಾನ್ಸಿಷನ್ ಡಿಲೇ ಕೊಡಿ: ಮೊದಲನೆಯದಕ್ಕೆ 0, ಎರಡನೆಯದಕ್ಕೆ 100 ಮಿಲಿಸೆಕೆಂಡ್, ಮೂರನೆಯದಕ್ಕೆ 200. ಒಪ್ಯಾಸಿಟಿಯ ನಿಯಮವನ್ನು ಸಾಲಿನ ಬದಲು ಅದರೊಳಗಿನ ಸ್ಪ್ಯಾನ್‌ಗೆ ಬರೆಯಿರಿ. ಕೊನೆಯ ಪದದ ಡಿಲೇ ಎಷ್ಟೋ ಅಷ್ಟನ್ನು ಲೂಪಿನ 600ಕ್ಕೆ ಕೂಡಿಸಿ.

ಅಕ್ಷರ ಅಕ್ಷರವಾಗಿ ಮೂಡಿಸುವುದು ಬೇರೆಯೇ ಕಥೆ. ಇಲ್ಲೇ ಪುಟಗಳು ಕೆಡುವುದು, ಮಾಲೀಕರು “ಸರ, ಅಕ್ಷರ ಒಡದ ಕಾಣಾಕತ್ತಾವಲ್ರಿ” ಅಂತ ಫೋನ್ ಮಾಡುವುದು. ಯಾಕೆ ಹೀಗಾಗುತ್ತದೆ ಎಂದು ಒಂದು ಪದ ಹಿಡಿದು ನೋಡೋಣ.

‘ರೇಷ್ಮೆ’. ನಮ್ಮ ಕಣ್ಣಿಗೆ ಎರಡೇ ಅಕ್ಷರ: ರೇ, ಷ್ಮೆ. ಕಂಪ್ಯೂಟರಿನ ಒಳಗೆ ಆರು ಸಂಕೇತಗಳು: ರ, ಏತ್ವದ ದೀರ್ಘ ಚಿಹ್ನೆ, ಷ, ಹಲಂತ, ಮ, ಎತ್ವದ ಚಿಹ್ನೆ. ಇಂಗ್ಲಿಷಿಗೆ ಬರೆದ ಕೋಡ್ ಸ್ಪ್ಲಿಟ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು ಈ ಆರನ್ನೂ ಆರು ಸ್ಪ್ಯಾನ್ ಮಾಡುತ್ತದೆ. ಇನ್‌ಲೈನ್ ಬ್ಲಾಕ್ ಆಗಿ ಬೇರೆಯಾದ ಸ್ಪ್ಯಾನ್‌ಗಳ ನಡುವೆ ಫಾಂಟ್ ಅಕ್ಷರ ಜೋಡಿಸಲಾರದು. ಒಡೆಯ ಇಲ್ಲದ ಚಿಹ್ನೆಗಳು ಚುಕ್ಕಿ ಚುಕ್ಕಿಯ ವೃತ್ತಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಒತ್ತು ಇರಬೇಕಾದಲ್ಲಿ ಪೂರ್ತಿ ಮ ಬರುತ್ತದೆ. ಸ್ಪ್ಲಿಟ್ ಬದಲು ಅರೇ ಫ್ರಮ್ ಅಥವಾ ಮೂರು ಚುಕ್ಕಿಯ ಸ್ಪ್ರೆಡ್ ಬಳಸಿದರೂ ಕನ್ನಡದ ಮಟ್ಟಿಗೆ ಫಲ ಅದೇ ಆರು ತುಂಡು.

ಇದಕ್ಕೆ ಜಾವಾಸ್ಕ್ರಿಪ್ಟಿನಲ್ಲೇ ಇರುವ ಸಲಕರಣೆ ಇಂಟ್ಲ್ ಸೆಗ್ಮೆಂಟರ್. ಕ್ರೋಮ್‌ನಲ್ಲಿ 2020ರಿಂದ, ಸಫಾರಿಯಲ್ಲಿ 2021ರಿಂದ, ಫೈರ್‌ಫಾಕ್ಸ್‌ನಲ್ಲಿ 2024ರಿಂದ ಇದೆ. ಅದಕ್ಕೆ ಭಾಷೆ ‘ಕೆಎನ್’, ಗ್ರ್ಯಾನ್ಯುಲಾರಿಟಿ ‘ಗ್ರಾಫೀಮ್’ ಎಂದು ಹೇಳಿ ಪದವನ್ನು ಕೊಟ್ಟರೆ, ಕಾಗುಣಿತದ ಚಿಹ್ನೆಗಳನ್ನು ವ್ಯಂಜನದ ಜೊತೆಗೇ ಇಟ್ಟು ತುಂಡು ಮಾಡುತ್ತದೆ. ಇದರಿಂದ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ನಾವೇ ಮಾಡಬೇಕು. ಕನ್ನಡದ ಒತ್ತಕ್ಷರವನ್ನು ಅದು ಹಲಂತದ ಹತ್ತಿರ ಕತ್ತರಿಸಬಹುದು. ಆಗ ‘ರೇಷ್ಮೆ’ ರೇ, ಷ್, ಮೆ ಎಂದು ಮೂರಾಗುತ್ತದೆ. ‘ಮುರ್ಗಿ’ ಮು, ರ್, ಗಿ ಆಗಿ ಅರ್ಕಾವತ್ತು ಹೋಗಿಬಿಡುತ್ತದೆ.

ಹಾಗಾಗಿ ಒಂದು ಜೋಡಿಸುವ ಹೆಜ್ಜೆ ಸೇರಿಸಿ. ‘ಅಕ್ಷರಗಳು’ ಎಂಬ ಖಾಲಿ ಅರೇ ಮಾಡಿಕೊಳ್ಳಿ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಅರೇಯ ಕೊನೆಯ ತುಂಡು ಹಲಂತದಲ್ಲಿ ಮುಗಿದಿದ್ದರೆ ಹೊಸ ತುಂಡನ್ನು ಅದಕ್ಕೇ ಅಂಟಿಸಿ. ಇಲ್ಲದಿದ್ದರೆ ಹೊಸದಾಗಿ ಸೇರಿಸಿ. ಹಲಂತದ ಯೂನಿಕೋಡ್ ಸಂಖ್ಯೆ 3277. ಸ್ಟ್ರಿಂಗ್ ಫ್ರಮ್ ಕೋಡ್ ಪಾಯಿಂಟ್‌ಗೆ ಆ ಸಂಖ್ಯೆ ಕೊಟ್ಟರೆ ಹಲಂತ ಸಿಗುತ್ತದೆ, ಎಂಡ್ಸ್ ವಿತ್ ಬಳಸಿ ಅದರಿಂದ ಪರೀಕ್ಷೆ ಮಾಡಿ. ಈಗ ‘ರೇಷ್ಮೆ’ ರೇ, ಷ್ಮೆ ಆಗುತ್ತದೆ. ‘ಮುರ್ಗಿ’ ಮು, ರ್ಗಿ ಆಗುತ್ತದೆ. ಮೂರು ವ್ಯಂಜನ ಸೇರಿದ ‘ಸ್ತ್ರೀ’ ಕೂಡ ಒಂದೇ ತುಂಡಾಗಿ ಉಳಿಯುತ್ತದೆ.

‘ಇಳಕಲ್‌ನ’ ತರಹದ ಪದ ಬಂದರೆ ಏನು? ಅಲ್ಲಿ ಲ್ ಮತ್ತು ನ ಕೂಡಿ ಒತ್ತಾಗಬಾರದು. ಸರಿಯಾಗಿ ಟೈಪ್ ಮಾಡಿದ್ದರೆ ಅವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದರ ಸಂಖ್ಯೆ 8204. ತುಂಡು ಆ ಸಂಕೇತದಲ್ಲಿ ಮುಗಿಯುವುದರಿಂದ ನಮ್ಮ ಪರೀಕ್ಷೆ ಅದನ್ನು ಅಂಟಿಸುವುದಿಲ್ಲ. ಬರಹದಲ್ಲಿ ಹೇಗಿದೆಯೋ ಹಾಗೇ ಉಳಿಯುತ್ತದೆ. ಮೊದಲು ಪದಗಳಾಗಿ ಬಿಡಿಸಿ, ಆಮೇಲೆ ಪ್ರತಿ ಪದವನ್ನು ಅಕ್ಷರಗಳಾಗಿ ಬಿಡಿಸಿ. ಆಗ ‘ಇಳಕಲ್’ನ ಕೊನೆಯ ಲ್ ಮುಂದಿನ ಪದಕ್ಕೆ ಅಂಟುವ ಭಯವೂ ಇರುವುದಿಲ್ಲ. ಒಂದು ಪದದ ಅಕ್ಷರಗಳನ್ನೆಲ್ಲ ವೈಟ್‌ಸ್ಪೇಸ್ ನೋರ್ಯಾಪ್ ಇರುವ ಸ್ಪ್ಯಾನ್ ಒಳಗೆ ಇಡಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಪದ ನಡುವೆ ಮುರಿದು ಎರಡು ಸಾಲಿಗೆ ಹಂಚಿಹೋಗುತ್ತದೆ.

ಹೀಗೆ ಚೂರು ಮಾಡಿದ ಪದವನ್ನು ಸ್ಕ್ರೀನ್ ರೀಡರ್ ಬಿಡಿಬಿಡಿಯಾಗಿ ಓದಬಹುದು. ಅದಕ್ಕಾಗಿ ಪೂರ್ತಿ ಸಾಲನ್ನು ಕಣ್ಣಿಗೆ ಕಾಣದ, ಆದರೆ ಓದಲು ಸಿಗುವ ಒಂದು ಸ್ಪ್ಯಾನ್‌ನಲ್ಲಿ ಇಟ್ಟು, ಚೂರುಗಳಿರುವ ಸ್ಪ್ಯಾನ್‌ಗೆ ಆರಿಯಾ ಹಿಡನ್ ಟ್ರೂ ಕೊಡಿ.

ಇಷ್ಟೆಲ್ಲ ಮಾಡಿ ಅಕ್ಷರ ಅಕ್ಷರವಾಗಿ ಮೂಡಿಸಬೇಕೇ? ಅಂಗಡಿಯ ಹೆಸರಿಗೆ, ಎರಡು ಮೂರು ಪದದ ತಲೆಬರಹಕ್ಕೆ ಮಾಡಿ, ಚಂದ ಇರುತ್ತದೆ. ಅಲ್ಲಿಂದ ಮುಂದಕ್ಕೆ ಪದ ಪದವಾಗಿ ಮೂಡಿಸುವುದೇ ಒಳ್ಳೆಯದು. ಪದ ಇಡಿಯಾಗಿ ಮೂಡಿದರೆ ಓದಲು ಸಲೀಸು.

ಉದ್ದ ಲೇಖನದಲ್ಲಿ

ವಿಜಯಪುರದ ಗೋಳಗುಮ್ಮಟದ ಬಗ್ಗೆ ಉದ್ದನೆಯ ಪುಟ ಮಾಡುತ್ತಿದ್ದೀರಿ ಅಂದುಕೊಳ್ಳಿ. ಓದುಗರು ಕೆಳಗೆ ಸರಿಸಿದಂತೆ ಭಾಗಗಳು ಮೂಡಬೇಕು. ಇದಕ್ಕೆ ಇಂಟರ್‌ಸೆಕ್ಷನ್ ಅಬ್ಸರ್ವರ್ ಇದೆ. ಥ್ರೆಶೋಲ್ಡ್ 0.2 ಕೊಟ್ಟರೆ ಒಂದು ಭಾಗದ ಶೇಕಡಾ 20 ಪರದೆಯೊಳಗೆ ಬಂದಾಗ ಅದು ನಿಮಗೆ ತಿಳಿಸುತ್ತದೆ. ಆಗ ‘ಎದುರು’ ಕ್ಲಾಸ್ ಹಾಕಿ, ಅನ್‌ಅಬ್ಸರ್ವ್ ಮಾಡಿಬಿಡಿ. ಮೂಡಿದ್ದು ಮತ್ತೆ ಮಾಸುವುದು ಬೇಡ. ಹಿಂದೆ ಓದಿದ್ದನ್ನು ಹುಡುಕಿ ಮೇಲೆ ಹೋದವರಿಗೆ ಅದು ಅಲ್ಲೇ ಸಿಗಬೇಕು. ಪಿಸುಗುಟ್ಟುವ ಗ್ಯಾಲರಿಯ ಚಿತ್ರ, ಅದರ ಕೆಳಗಿನ ಬರಹ, ಭಾಗಗಳ ತಲೆಬರಹ ಇಷ್ಟಕ್ಕೆ ಫೇಡ್ ಸಾಕು. ಪ್ಯಾರಾಗಳನ್ನು ಬಿಟ್ಟುಬಿಡಿ. ಬಹಳ ಉದ್ದದ ಪ್ಯಾರಾದ ಶೇಕಡಾ 20 ಭಾಗ ಚಿಕ್ಕ ಪರದೆಯೊಳಗೆ ಹಿಡಿಸದೇ ಹೋದರೆ ಆ ಪ್ಯಾರಾ ಮೂಡುವುದೇ ಇಲ್ಲ.

ಕೊಡುವ ಮುನ್ನ ಪರೀಕ್ಷೆ

ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆಯಿರಿ. ನೆಟ್‌ವರ್ಕ್ ಭಾಗದಲ್ಲಿ ವೇಗ ತಗ್ಗಿಸಿ, ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ನಿಧಾನ ಮಾಡಿ ಪುಟ ತೆರೆದು ನೋಡಿ. ರೆಂಡರಿಂಗ್ ಭಾಗದಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗನ್ನು ಅನುಕರಿಸಲು ಬರುತ್ತದೆ, ಅದನ್ನು ಹಾಕಿ ಮೂರೂ ಸಾಲು ಕಾಣುತ್ತವೆಯೇ ಗಮನಿಸಿ. ಜಾವಾಸ್ಕ್ರಿಪ್ಟನ್ನೇ ಬಂದ್ ಮಾಡಿ ಒಮ್ಮೆ ನೋಡಿ. ಪ್ರಿಂಟ್ ಪ್ರಿವ್ಯೂ ತೆರೆದು ನೋಡಿ.

ಆಮೇಲೆ ಕಡಿಮೆ ಬೆಲೆಯ ಫೋನ್ ಒಂದನ್ನು ಹಿಡಿದು ಹೊರಗೆ ಬಿಸಿಲಿಗೆ ಹೋಗಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಸಂತೆಯೊಳಗೆ ನಿಂತು ಪುಟ ನೋಡುವವರು ಇದ್ದೇ ಇರುತ್ತಾರೆ. ತೆಳು ಬೂದು ಅಕ್ಷರ ಅಲ್ಲಿ ಕಾಣುವುದಿಲ್ಲ. ಫೇಡ್ ಮುಗಿದ ಮೇಲೆ ಒಪ್ಯಾಸಿಟಿ 0.7ರಲ್ಲಿ ನಿಲ್ಲಿಸುವ ಫ್ಯಾಷನ್ ಇದೆ, ಅದನ್ನು ಕೈಬಿಡಿ, ಪೂರ್ತಿ 1 ಆಗಲಿ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ನಡುವಿನ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕೆಂದು ಡಬ್ಲ್ಯುಸಿಎಜಿ ಹೇಳುತ್ತದೆ. ಟೂಲ್ಸ್‌ನಲ್ಲಿ ಅಕ್ಷರದ ಬಣ್ಣದ ಮೇಲೆ ಒತ್ತಿದರೆ ಆ ಅಳತೆ ಅಲ್ಲೇ ಕಾಣುತ್ತದೆ. ಸೆರಗಿನ ಕೆಂಪನ್ನೇ ಹಿನ್ನೆಲೆ ಮಾಡಿಕೊಂಡರೆ ಅದರ ಮೇಲೆ ಬಿಳಿ ಅಕ್ಷರ ಇಡಿ. ಕಪ್ಪು ಅಕ್ಷರ ಗಾಢ ಕೆಂಪಿನ ಮೇಲೆ ಎದ್ದು ಕಾಣುವುದಿಲ್ಲ.